ಚಾರ್ಲ್ಸ್‌ಟನ್ನಿನಲ್ಲಿ ಕಲಿತ ಅವಧಾನ

ಬಾಲ್ಯದ ಹನ್ನೊಂದು ವರ್ಷಗಳನ್ನು ನಾವು ಮಠದ ಪ್ರಸಾದನಿಲಯದಲ್ಲಿ ಕಳೆದವರು. ಅಲ್ಲಿ ವ್ಯಾಕರಣ, ಕಾವ್ಯ, ವಚನಶಾಸ್ತ್ರಗಳಿಗಿಂತ ಮೊದಲು ನಮಗೆ ಕಲಿಸಿದ್ದು ಪಂಕ್ತಿಯಲ್ಲಿ ಕುಳಿತುಕೊಳ್ಳುವ ರೀತಿಯನ್ನು. ತಟ್ಟೆಗೆ ಬಿದ್ದದ್ದನ್ನು ಬಿಡಬಾರದು, ರುಚಿಯನ್ನು ಹಳಿಯಬಾರದು, ನೀಡುವವರನ್ನು ‘ಇದರಲ್ಲಿ ಏನು ಹಾಕಿದ್ದೀರಿ’ ಎಂದು ಕೇಳಬಾರದು. ಈ ಮೂರನೆಯ ನಿಯಮವನ್ನು ಹಿರಿಯರು ವಿಶೇಷವಾಗಿ ಒತ್ತಿ ಹೇಳುತ್ತಿದ್ದರು. ನೀಡಿದವರ ಭಕ್ತಿಯನ್ನು ಪರೀಕ್ಷಿಸುವ ಅಧಿಕಾರ ಉಣ್ಣುವವನಿಗಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಅರವತ್ತು ದಾಟುವವರೆಗೂ ನಾವು ಆ ನಿಯಮವನ್ನು ಮೀರಿದವರಲ್ಲ. ಅದನ್ನು ಮೀರುವುದನ್ನು ನಮಗೆ ಕಲಿಸಿದವಳು ಹತ್ತು ವರ್ಷದ ನಮ್ಮ ಮೊಮ್ಮಗಳು. ಕಲಿತ ಸ್ಥಳ ಅಮೆರಿಕದ ದಕ್ಷಿಣ ಭಾಗದ ಕಡಲತಡಿಯ ನಗರವಾದ ಚಾರ್ಲ್ಸ್‌ಟನ್. ಆ ಸಂಗತಿಯನ್ನು ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳುವುದು ಕರ್ತವ್ಯವೆಂದು ಭಾವಿಸಿ ಈ ಬರೆಹಕ್ಕೆ ತೊಡಗಿದ್ದೇವೆ.

ನಮ್ಮ ಮಗಳು, ಅಳಿಯಂದಿರು ಅಟ್ಲಾಂಟಾ ನಗರದಲ್ಲಿ ನೆಲೆಸಿ ಹದಿನೈದು ವರ್ಷಗಳಾಗುತ್ತ ಬಂದವು. ಮೊಮ್ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು. ಅವಳಿಗೆ ಎಂಟು ವರ್ಷವಾಗಿದ್ದಾಗ, ಅಂದರೆ 2022ರಲ್ಲಿ, ಮೇಲಿಂದ ಮೇಲೆ ಹೊಟ್ಟೆನೋವು ಕಾಣಿಸಿಕೊಳ್ಳತೊಡಗಿತು. ಓರಗೆಯ ಮಕ್ಕಳಂತೆ ಎತ್ತರ ಬೆಳೆಯಲಿಲ್ಲ. ರಕ್ತಹೀನತೆಗೆಂದು ಕಬ್ಬಿಣದ ಗುಳಿಗೆ ಕೊಟ್ಟರೂ ರಕ್ತ ಏರಲಿಲ್ಲ. ಕೊನೆಗೆ ಒಬ್ಬ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಅನಂತರ ಸಣ್ಣ ಕರುಳಿನ ಚೂರನ್ನು ತೆಗೆದು ಪರೀಕ್ಷಿಸಿ, ಇದು ಸೀಲಿಯಾಕ್ ಎಂಬ ವ್ಯಾಧಿಯೆಂದು ನಿರ್ಣಯಿಸಿದರು. ಇದಕ್ಕೆ ಔಷಧವಿಲ್ಲ, ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳನ್ನು ಜೀವಮಾನವಿಡೀ ವರ್ಜಿಸುವುದೊಂದೇ ಚಿಕಿತ್ಸೆ ಎಂದರು. ದೂರವಾಣಿಯಲ್ಲಿ ಮಗಳು ಇದನ್ನು ತಿಳಿಸಿದಾಗ ನಾವು ನಕ್ಕುಬಿಟ್ಟೆವು. ಗೋಧಿ ತಿಂದು ಕೆಟ್ಟವರನ್ನು ನಾವು ಕಂಡಿರಲಿಲ್ಲ. ಪರದೇಶದ ವೈದ್ಯರ ಹೊಸ ಶೋಧವಿದು ಎಂದುಕೊಂಡೆವು.

ಆ ನಗುವಿಗೆ ದಂಡ ತೆರುವ ದಿನ 2023ರ ಬೇಸಿಗೆಯಲ್ಲಿ ಬಂದಿತು. ಮಗಳು, ಮೊಮ್ಮಗಳು ಊರಿಗೆ ಬಂದಿದ್ದರು. ಜಾತ್ರೆಯ ದಿನ ಮಠದಲ್ಲಿ ಎಂದಿನಂತೆ ಗೋಧಿ ಹುಗ್ಗಿ. ಮಗಳು ಯಾರೊಡನೆಯೋ ಮಾತಾಡುತ್ತಿದ್ದ ಸಮಯ ನೋಡಿ ನಾವು ಒಂದು ಸೌಟಿನಷ್ಟು ಹುಗ್ಗಿಯನ್ನು ಕೂಸಿನ ತಟ್ಟೆಗೆ ಹಾಕಿಸಿ, ‘ಇದು ಪ್ರಸಾದ ತಾಯಿ, ಪ್ರಸಾದ ಯಾರಿಗೂ ಕೆಡುಕು ಮಾಡಂಗಿಲ್ಲ’ ಎಂದೆವು. ಅವಳು ನಮ್ಮ ಮುಖವನ್ನೊಮ್ಮೆ ನೋಡಿ, ಮರುಮಾತಾಡದೆ ತಿಂದಳು. ಎರಡು ತಾಸು ಕಳೆದಿರಲಿಲ್ಲ, ವಾಂತಿ ಆರಂಭವಾಯಿತು. ರಾತ್ರಿಯಿಡೀ ಕೂಸು ಹೊಟ್ಟೆ ಹಿಡಿದುಕೊಂಡು ನರಳಿತು. ಏನು ತಿಂದೆಯೆಂದು ತಾಯಿ ಎಷ್ಟು ಕೇಳಿದರೂ ಅವಳು ಹೇಳಲಿಲ್ಲ. ಬೆಳಗಿನ ಜಾವ ನಾವು ಹತ್ತಿರ ಕುಳಿತಿದ್ದಾಗ ಮೆಲ್ಲಗೆ, ‘ಅಜ್ಜಾ, ನೀವು ಕೊಟ್ಟೀರಿ ಅಂತ ತಿಂದೆ’ ಎಂದಳು. ಎಷ್ಟೋ ಸಭೆಗಳಲ್ಲಿ ಪ್ರಸಾದತತ್ತ್ವವನ್ನು ಕುರಿತು ಉಪನ್ಯಾಸ ಮಾಡಿದ ನಮಗೆ ಆ ಮಾತಿಗೆ ಉತ್ತರ ತಿಳಿಯಲಿಲ್ಲ. ಮಗಳ ಎದುರು ತಪ್ಪೊಪ್ಪಿಕೊಂಡೆವು. ಅವಳು ಸಿಟ್ಟು ಮಾಡಲಿಲ್ಲ. ಆದರೆ ಅಂದಿನಿಂದ ಊಟದ ಹೊತ್ತಿಗೆ ಮಗುವನ್ನು ನಮ್ಮ ಬಳಿ ಒಂಟಿಯಾಗಿ ಬಿಡಲಿಲ್ಲ. ಅದು ನಮಗೆ ಸಿಟ್ಟಿಗಿಂತ ಹೆಚ್ಚು ನೋವನ್ನು ಕೊಟ್ಟಿತು.

ಆ ಬಳಿಕವೇ ನಾವು ಈ ವ್ಯಾಧಿಯ ವಿಷಯವನ್ನು ಓದಿ ತಿಳಿಯಲು ಮನಸ್ಸು ಮಾಡಿದೆವು. ಹೋಳಿಗೆಯ ಕಣಕವನ್ನು ನಾದಿ ನೆನೆಯಿಟ್ಟರೆ ಅದು ಎಳೆದಷ್ಟೂ ಹಿಗ್ಗುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಹಾಗೆ ಹಿಗ್ಗಿಸುವ ಅಂಟುಗುಣದ ಸಸಾರಜನಕಕ್ಕೆ ಗ್ಲೂಟೆನ್ ಎಂದು ಹೆಸರು. ಜೋಳದ ಹಿಟ್ಟಿನಲ್ಲಿ ಅದಿಲ್ಲ. ಆದುದರಿಂದಲೇ ರೊಟ್ಟಿಯ ಹಿಟ್ಟಿಗೆ ಕುದಿಯುವ ಎಸರು ಬೇಕು, ಬಡಿಯಲು ಪಳಗಿದ ಕೈ ಬೇಕು. ಸೀಲಿಯಾಕ್ ಉಳ್ಳವರ ಶರೀರದಲ್ಲಿ ಈ ಗ್ಲೂಟೆನ್ ಸೇರಿದೊಡನೆ ದೇಹದ ರಕ್ಷಣಾಶಕ್ತಿ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಸಣ್ಣ ಕರುಳಿನ ಒಳಮೈಯಲ್ಲಿ ಮಖಮಲ್ಲಿನ ನವಿರಿನಂತೆ ಸೂಕ್ಷ್ಮವಾದ ಕುಚ್ಚುಗಳಿವೆ; ಅನ್ನದ ಸಾರವನ್ನು ಹೀರಿಕೊಳ್ಳುವವು ಅವೇ. ಆ ಕುಚ್ಚುಗಳು ಸವೆದು ಮಟ್ಟಸವಾದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಜಗತ್ತಿನಲ್ಲಿ ಸರಿಸುಮಾರು ನೂರಕ್ಕೆ ಒಬ್ಬರಿಗೆ ಈ ವ್ಯಾಧಿಯಿದೆ. ನಮ್ಮ ದೇಶದಲ್ಲಿ ಗೋಧಿಯನ್ನೇ ಮುಖ್ಯವಾಗಿ ಉಣ್ಣುವ ಉತ್ತರದ ಪ್ರಾಂತಗಳಲ್ಲಿ ಇದು ಹೆಚ್ಚು ಕಂಡುಬರುತ್ತದೆ.

ಇದು ಹೊಸ ಶೋಧವೆಂಬ ನಮ್ಮ ತಿಳಿವಳಿಕೆಯೂ ಸುಳ್ಳಾಯಿತು. ನೆದರ್ಲೆಂಡ್ಸಿನ ವಿಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿಗೆ ಗೋಧಿಯ ಮೇಲೆ ಮೊದಲೇ ಸಂಶಯವಿದ್ದಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ನಾಡಿನಲ್ಲಿ ಘೋರ ಕ್ಷಾಮ ತಲೆದೋರಿ ಬ್ರೆಡ್ಡು ದೊರೆಯದಾಯಿತು. ಊರೆಲ್ಲ ಸೊರಗುತ್ತಿರುವಾಗ ಈ ವ್ಯಾಧಿಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಅವರು 1950ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ಸಪ್ರಮಾಣವಾಗಿ ಸ್ಥಾಪಿಸಿದರು. ನಾವು ಹುಟ್ಟುವುದಕ್ಕೆ ಮುಂಚೆಯೇ ತಿಳಿದಿದ್ದ ವಿಷಯವನ್ನು ನಾವು ‘ಹೊಸತು’ ಎಂದು ನಕ್ಕಿದ್ದೆವು!

2024ರ ಏಪ್ರಿಲ್ ತಿಂಗಳಲ್ಲಿ ನಾವೂ ನಮ್ಮ ಧರ್ಮಪತ್ನಿಯೂ ಅಟ್ಲಾಂಟಾಕ್ಕೆ ಹೋಗಿದ್ದೆವು. ಶಾಲೆಗೆ ರಜೆಯಿದ್ದುದರಿಂದ ಎಲ್ಲರೂ ಕೂಡಿ ಚಾರ್ಲ್ಸ್‌ಟನ್ನಿಗೆ ಹೊರಟೆವು. ಅಟ್ಲಾಂಟಾದಿಂದ ಪೂರ್ವಕ್ಕೆ ಸುಮಾರು ಐನೂರು ಕಿಲೋಮೀಟರು. ಕಾರಿನಲ್ಲಿ ಐದು ತಾಸಿನ ದಾರಿ. ದಕ್ಷಿಣ ಕೆರೋಲೈನಾ ರಾಜ್ಯದ ಈ ಊರು 1670ರಲ್ಲಿ ಸ್ಥಾಪಿತವಾದುದು. ಆಶ್ಲಿ, ಕೂಪರ್ ಎಂಬ ಎರಡು ನದಿಗಳ ನಡುವೆ ನಾಲಗೆಯಂತೆ ಚಾಚಿಕೊಂಡ ಭೂಭಾಗದಲ್ಲಿದೆ. ಹಳೆಯ ಮನೆಗಳ ಅಂಗಳದಲ್ಲಿ ಮಲ್ಲಿಗೆಯನ್ನು ಹೋಲುವ ಬಳ್ಳಿಗಳು ಹೂಬಿಟ್ಟು ಘಮಘಮಿಸುತ್ತಿದ್ದವು. ಪ್ರವಾಸಿಗರು ಈ ಊರಿಗೆ ಮನೆಗಳನ್ನು ನೋಡಲು ಎಷ್ಟು ಬರುವರೋ ಉಣ್ಣಲು ಅಷ್ಟೇ ಬರುವರು. ಆದರೆ ಆ ಊಟವೆಲ್ಲ ಸೀಗಡಿ, ಏಡಿ, ಹಂದಿಮಾಂಸಗಳದು. ಲಿಂಗವಂತರಾದ ನಮಗೆ ಮಾಂಸವಿಲ್ಲ. ಕೂಸಿಗೆ ಅದರ ಜೊತೆಗೆ ಗೋಧಿಯೂ ಇಲ್ಲ. ಎರಡು ಜರಡಿಗಳಲ್ಲಿ ಸೋಸಿದ ಮೇಲೆ ಉಳಿಯುವುದೇನು ಎಂಬ ಚಿಂತೆ ನಮ್ಮದು.

ಮಗಳು ಎಲ್ಲಕ್ಕೂ ಸಿದ್ಧಳಾಗಿ ಬಂದಿದ್ದಳು. ಚೀಲದಲ್ಲಿ ಪುಟ್ಟ ಕರೆಂಟಿನ ಕುಕ್ಕರು, ಅಕ್ಕಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿಯ ಹಿಟ್ಟನ್ನು ಮನೆಯಲ್ಲಿಯೇ ಬೀಸಿಕೊಳ್ಳುತ್ತಾಳಂತೆ. ಊರಿನಿಂದ ನಾವು ಒಯ್ದಿದ್ದ ಜೋಳದ ಹಿಟ್ಟನ್ನು ಅವಳು ಮಗುವಿಗೆ ಮುಟ್ಟಿಸಿರಲಿಲ್ಲ. ‘ಅಪ್ಪಾಜಿ, ನಮ್ಮೂರ ಗಿರಣ್ಯಾಗ ಗೋಧಿ ಬೀಸಿದ ಕಲ್ಲಿನಾಗ ಜೋಳಾನೂ ಬೀಸ್ತಾರಲ್ಲ’ ಎಂದಳು. ಜೀವಮಾನವಿಡೀ ಕಂಡ ಗಿರಣಿಯಲ್ಲಿ ನಾವು ಇದನ್ನು ಗಮನಿಸಿರಲಿಲ್ಲ. ಇಂಗಿನ ಡಬ್ಬಿಯನ್ನು ತಿರುಗಿಸಿ ತೋರಿಸಿದಳು. ಅಂಗಡಿಯ ಇಂಗಿನಲ್ಲಿ ಬಹುಮಟ್ಟಿಗೆ ಗೋಧಿಹಿಟ್ಟು ಬೆರೆತಿರುತ್ತದೆ. ಹಾಗಾದರೆ ನಾವು ‘ಬರೀ ಅನ್ನ ಸಾರು’ ಎಂದು ನಿಶ್ಚಿಂತೆಯಿಂದ ಬಡಿಸುವ ಸಾರಿನಲ್ಲಿಯೂ ಗೋಧಿಯಿದೆ!

ಮೊದಲ ದಿನದ ಊಟದಮನೆಯಲ್ಲಿ ಮಗಳು ಬಡಿಸುವ ಹುಡುಗನಿಗೆ ಪ್ರಶ್ನೆಗಳ ಮಾಲೆಯನ್ನೇ ಹಾಕಿದಳು. ಇದನ್ನು ಯಾವುದರಲ್ಲಿ ಬೇಯಿಸುವಿರಿ? ಸಾರಿಗೆ ಹಿಟ್ಟು ಬೆರೆಸುವಿರಾ? ಕರಿಯುವ ಎಣ್ಣೆ ಬೇರೆಯೋ ಒಂದೆಯೋ? ಸೌಟು, ಹಲಗೆ ಬೇರೆಯೋ? ನಾವು ನಾಚಿಕೆಯಿಂದ ಕಿಟಕಿಯಾಚೆ ನೋಡುತ್ತ ಕುಳಿತೆವು. ಆ ಹುಡುಗ, ‘ಇದು ವ್ಯಾಧಿಯೋ, ನಿಮ್ಮ ಇಚ್ಛೆಯೋ?’ ಎಂದು ಕೇಳಿದ. ಅಲ್ಲಿ ಆರೋಗ್ಯದ ಹಂಬಲದಿಂದ ತಾವಾಗಿಯೇ ಗೋಧಿ ಬಿಟ್ಟವರು ಬಹಳ. ಆದುದರಿಂದ ವ್ಯಾಧಿಯೆಂದು ಸ್ಪಷ್ಟವಾಗಿ ಹೇಳದಿದ್ದರೆ ಅಡುಗೆಮನೆಯಲ್ಲಿ ಹಗುರವಾಗಿ ತೆಗೆದುಕೊಳ್ಳುವ ಭಯವುಂಟು. ವ್ಯಾಧಿ ಎಂದೊಡನೆ ಅಡುಗೆಯ ಮುಖ್ಯಸ್ಥೆಯೇ ಹೊರಬಂದು, ಕೂಸಿನ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಒಂದೊಂದನ್ನೂ ವಿವರಿಸಿದಳು. ಸೊಪ್ಪಿನ ಪಲ್ಯಕ್ಕೆ ಹಂದಿಯ ಮೂಳೆ ಬಿದ್ದಿದೆ; ಅದು ಬೇಡ. ಮೆಕ್ಕೆಜೋಳದ ರೊಟ್ಟಿಯಂತೆ ಕಾಣುವುದರಲ್ಲಿ ಗೋಧಿಹಿಟ್ಟೂ ಇದೆ, ಅದೂ ಬೇಡ. ಗ್ರಿಟ್ಸ್ ಎಂಬುದನ್ನು ನೀರು, ಹಾಲುಗಳಲ್ಲಿ ಬೇಯಿಸಿದ್ದೇವೆ. ಅದನ್ನು ಸೀಗಡಿಯಿಲ್ಲದೆ ಬೇರೆ ಪಾತ್ರೆಯಲ್ಲಿ ಕೊಡುತ್ತೇನೆ ಎಂದಳು.

ಗ್ರಿಟ್ಸ್ ಬಂದಾಗ ನಮ್ಮ ಧರ್ಮಪತ್ನಿ ಒಂದು ಚಮಚ ಬಾಯಿಗಿಟ್ಟು, ‘ಅಯ್ಯ, ಇದು ನಮ್ಮ ನುಚ್ಚು!’ ಎಂದು ಉದ್ಗರಿಸಿದರು. ನಿಜ. ಬಿಳಿ ಮೆಕ್ಕೆಜೋಳವನ್ನು ತರಿಯಾಗಿ ಒಡೆದು, ಕೆಲವು ತಾಸು ಸಣ್ಣ ಉರಿಯಲ್ಲಿ ಕುದಿಸಿದ ನುಚ್ಚು. ಸುಟ್ಟ ಗೆಣಸು, ಬೆಣ್ಣೆಗಳೊಡನೆ ನಾವೆಲ್ಲ ತೃಪ್ತಿಯಾಗಿ ಉಂಡೆವು. ಅಡುಗೆಯ ಆ ತಾಯಿ ಹೊರಡುವಾಗ ಕೂಸಿಗೆ, ‘ಕೇಳಿದ್ದಕ್ಕೆ ಧನ್ಯವಾದ’ ಎಂದಳು. ಕೇಳಿಸಿಕೊಂಡವಳೇ ಕೇಳಿದವರಿಗೆ ಕೃತಜ್ಞತೆ ಹೇಳುವುದನ್ನು ನಾವು ಅಂದು ಮೊದಲಬಾರಿ ಕಂಡೆವು.

ಆದರೂ ನಮ್ಮ ಹಳೆಯ ಸಂಸ್ಕಾರ ಅಷ್ಟಕ್ಕೆ ಬಿಡಲಿಲ್ಲ. ಮರುದಿನ ಬೇರೊಂದು ಊಟದಮನೆಗೆ ಹೋದೆವು. ಅಲ್ಲಿ ತಿನಿಸುಗಳ ಪಟ್ಟಿಯಲ್ಲಿ, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿಯ ಮುಂದೆ ‘ಗ್ಲೂಟೆನ್ ಇಲ್ಲ’ ಎಂಬ ಗುರುತನ್ನು ಹಾಕಿದ್ದರು. ಬೆಂಡೆಕಾಯಿಯನ್ನು ಕಂಡು ನಮಗೆ ಊರಿನ ನೆನಪಾಯಿತು. ಮಗಳು ಪ್ರಶ್ನಿಸಲು ಬಾಯಿ ತೆರೆದಾಗ ನಾವು, ‘ಬರದಾರಲ್ಲವ್ವ, ಸಾಕು ಬಿಡು. ಎಷ್ಟಂತ ಕೇಳೋದು’ ಎಂದೆವು. ತಂದೆಯ ಮಾತಿಗೆ ಅವಳು ಸುಮ್ಮನಾದಳು. ಆಗ ಕೂಸು ನಮ್ಮ ಮುಖ ನೋಡಿತು. ಜಾತ್ರೆಯ ದಿನ ನೋಡಿದ ಅದೇ ನೋಟ. ಆದರೆ ಈ ಸಲ ಅವಳು ಸುಮ್ಮನಿರಲಿಲ್ಲ. ಬಡಿಸುವವಳ ಕಡೆಗೆ ತಿರುಗಿ, ‘ಇದನ್ನು ಕರಿಯುವ ಎಣ್ಣೆಯಲ್ಲಿ ಬೇರೆ ಏನನ್ನು ಕರಿಯುತ್ತೀರಿ?’ ಎಂದು ತಾನೇ ಕೇಳಿದಳು. ಬಡಿಸುವವಳು ಒಳಗೆ ಹೋಗಿ ವಿಚಾರಿಸಿ ಬಂದು, ಎಣ್ಣೆ ಒಂದೇ, ಗೋಧಿಹಿಟ್ಟು ಹಚ್ಚಿದ ಮೀನನ್ನೂ ಅದರಲ್ಲಿಯೇ ಕರಿಯುತ್ತೇವೆ ಎಂದು ತಿಳಿಸಿ ಕ್ಷಮೆ ಕೇಳಿದಳು.

ನಾವು ತಟಸ್ಥರಾದೆವು. ಮಗು ಕೇಳದೆ ಇದ್ದಿದ್ದರೆ ಅವಳು ಮತ್ತೊಮ್ಮೆ ನಮ್ಮ ದೆಸೆಯಿಂದ ನರಳುತ್ತಿದ್ದಳು; ನಾವು ಮೀನು ಕರಿದ ಎಣ್ಣೆಯ ಪದಾರ್ಥವನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಉಣ್ಣುತ್ತಿದ್ದೆವು. ಯಾವ ಶೀಲವನ್ನು ಅರವತ್ತು ವರ್ಷ ಕಾಪಾಡಿಕೊಂಡು ಬಂದೆವೆಂದು ಅಭಿಮಾನಪಡುತ್ತಿದ್ದೆವೋ, ಅದನ್ನು ಆ ದಿನ ಕಾದದ್ದು ನಾವು ಅವಿನಯವೆಂದು ತಡೆದಿದ್ದ ಒಂದು ಪ್ರಶ್ನೆ. ಎದ್ದು ಹೊರಬಂದು, ಉದ್ಯಾನದ ಬೆಂಚಿನ ಮೇಲೆ ಕುಳಿತು, ಖಡಕ್ ರೊಟ್ಟಿ ಚಟ್ನಿಪುಡಿಗಳಲ್ಲಿ ಊಟ ಮುಗಿಸಿದೆವು.

ಅಂದು ಮಧ್ಯಾಹ್ನ ಕಡಲದಂಡೆಯ ವಸ್ತುಸಂಗ್ರಹಾಲಯವೊಂದನ್ನು ನೋಡಿದೆವು. ಆಫ್ರಿಕಾ ಮೂಲದ ಅಮೆರಿಕನ್ನರ ಚರಿತ್ರೆಯನ್ನು ಹೇಳುವ ಅದು 2023ರ ಜೂನಿನಲ್ಲಿ ತೆರೆದುದು. ಅದು ನಿಂತಿರುವುದು ಗ್ಯಾಡ್ಸ್‌ಡೆನ್ ಧಕ್ಕೆಯ ಮೇಲೆ. ಹಡಗುಗಳಲ್ಲಿ ಸೆರೆಹಿಡಿದು ತಂದ ಸಹಸ್ರಾರು ಆಫ್ರಿಕನ್ನರನ್ನು ಇಳಿಸಿ ಮಾರಿದ ನೆಲ ಅದು. ಚಾರ್ಲ್ಸ್‌ಟನ್ನಿನ ಸಿರಿಯೆಲ್ಲ ಒಂದು ಕಾಲಕ್ಕೆ ಬತ್ತದಿಂದ ಬಂದದ್ದು. ಹೊಟ್ಟಿನ ಬಣ್ಣ ಹೊನ್ನಿನಂತಿದ್ದುದರಿಂದ ‘ಕೆರೋಲೈನಾ ಗೋಲ್ಡ್’ ಎಂದು ಆ ತಳಿಗೆ ಹೆಸರು. ಪಶ್ಚಿಮ ಆಫ್ರಿಕಾದ ಬತ್ತದ ಸೀಮೆಯ ರೈತರು ಗುಲಾಮರಾಗಿ ಬಂದು, ಜೌಗುನೆಲಕ್ಕೆ ಒಡ್ಡು ಕಟ್ಟಿ, ಉಬ್ಬರವಿಳಿತದ ನೀರನ್ನು ತೂಬುಗಳಿಂದ ಗದ್ದೆಗೆ ಹಾಯಿಸಿ ಅದನ್ನು ಬೆಳೆದರು. ಒರಳು ಒನಕೆಗಳಲ್ಲಿ ಕುಟ್ಟಿದರು. ಹುಲ್ಲಿನಿಂದ ಹೆಣೆದ ಅಗಲವಾದ ಬುಟ್ಟಿಗಳಲ್ಲಿ, ನಮ್ಮ ಹೆಂಗಳೆಯರು ಮೊರದಲ್ಲಿ ಕೇರುವಂತೆ, ತೂರಿ ಹಸನು ಮಾಡಿದರು. ಇಡೀ ಅಕ್ಕಿ ಹಡಗು ಹತ್ತಿ ಪರದೇಶಕ್ಕೆ ಹೋಯಿತು. ಬೆಳೆದವರಿಗೆ ದಕ್ಕಿದ್ದು ಒಡೆದ ನುಚ್ಚಕ್ಕಿ. 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಬಳಿಕ ಆ ಬೇಸಾಯ ಕುಸಿಯಿತು. ಬಿರುಗಾಳಿಗಳು ಉಳಿದುದನ್ನೂ ಕೆಡಿಸಿದವು. 1980ರ ದಶಕದಲ್ಲಿ ಸವಾನ್ನಾ ನಗರದ ರಿಚರ್ಡ್ ಶುಲ್ಜೆ ಎಂಬ ನೇತ್ರವೈದ್ಯರು ಸರಕಾರದ ಬೀಜಭಂಡಾರದಿಂದ ಬೀಜ ತರಿಸಿ ಆ ತಳಿಯನ್ನು ಮತ್ತೆ ಬೆಳೆದರು. ಆ ಆಫ್ರಿಕನ್ನರ ಸಂತತಿಯವರಾದ ಗಲ್ಲಾ ಜನರ ತಾಯಂದಿರು ಇಂದಿಗೂ ಊರ ಸಂತೆಕಟ್ಟೆಯಲ್ಲಿ ಕುಳಿತು ಆ ಬುಟ್ಟಿಗಳನ್ನು ಹೆಣೆದು ಮಾರುತ್ತಾರೆ.

ಆ ಬುಟ್ಟಿಯ ಮುಂದೆ ನಿಂತಾಗ ನಮಗೆ ಹೊಳೆದುದಿಷ್ಟು: ತಟ್ಟೆಯ ಅನ್ನವನ್ನು ಕುರಿತು ಏನನ್ನೂ ಕೇಳದೆ ಉಂಡವರು ಆ ಕಾಲದ ಶ್ರೀಮಂತರು. ಅದು ಎಲ್ಲಿಂದ ಬಂದಿತು, ಯಾರ ಬೆವರಿನದು ಎಂದು ಅವರು ಕೇಳಲಿಲ್ಲ. ಎಲ್ಲ ಮೌನವೂ ಭಕ್ತಿಯಲ್ಲ. ಷಟ್‌ಸ್ಥಲವನ್ನು ಓದಿದವರೆಲ್ಲ ಬಲ್ಲಂತೆ, ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ. ಪ್ರಸಾದಿಸ್ಥಲಕ್ಕೆ ಹೇಳಿರುವ ಭಕ್ತಿ ಅವಧಾನ. ಅವಧಾನವೆಂದರೆ ಎಚ್ಚರ. ಅರ್ಪಿಸುವ ಪದಾರ್ಥ ಯಾವುದು, ಅದನ್ನು ಸ್ವೀಕರಿಸುವ ಕಾಯಕ್ಕೆ ಏನಾಗುವುದು ಎಂಬುದನ್ನರಿತು ಅರ್ಪಿಸುವವನೇ ಪ್ರಸಾದಿ. ಈ ಪಾಠವನ್ನು ನಾವು ಮೂವತ್ತು ವರ್ಷ ಬೋಧಿಸಿದ್ದೆವು. ಅದರ ಅರ್ಥವನ್ನು ನಮ್ಮ ಮೊಮ್ಮಗಳು ಎಣ್ಣೆಯ ಬಾಣಲೆಯ ನೆವದಲ್ಲಿ ತಿಳಿಸಿಕೊಟ್ಟಳು.

ಮರಳಿ ಬರುವ ದಾರಿಯಲ್ಲಿ ರಸ್ತೆಯ ಬದಿಗೆ ಒಬ್ಬ ಮುದುಕ ದೊಡ್ಡ ಹಂಡೆಯಲ್ಲಿ ಏನನ್ನೋ ಬೇಯಿಸುತ್ತಿದ್ದ. ನೋಡಿದರೆ ಸಿಪ್ಪೆಸಹಿತ ಬೇಯಿಸಿದ ಹಸಿ ಶೇಂಗಾ! ದಕ್ಷಿಣ ಕೆರೋಲೈನಾ ರಾಜ್ಯ 2006ರಲ್ಲಿ ಅದನ್ನು ತನ್ನ ಅಧಿಕೃತ ತಿನಿಸೆಂದು ಘೋಷಿಸಿದೆಯಂತೆ. ಈ ಸಲ ನಾವೇ ಕಾರಿನಿಂದಿಳಿದು, ನಮ್ಮ ಹರಕು ಇಂಗ್ಲಿಷಿನಲ್ಲಿ, ‘ಇದರಲ್ಲಿ ಏನೇನು ಹಾಕಿದ್ದೀರಿ?’ ಎಂದು ಕೇಳಿದೆವು. ‘ನೀರು, ಉಪ್ಪು, ಶೇಂಗಾ’ ಎಂದ ಆತ. ಹಿಂದಿನ ಸೀಟಿನಲ್ಲಿ ಕುಳಿತ ಕೂಸು ಕಿಟಕಿಯಿಂದ ತಲೆ ಹೊರಹಾಕಿ ಚಪ್ಪಾಳೆ ತಟ್ಟಿತು. ಅಟ್ಲಾಂಟಾ ಮುಟ್ಟುವವರೆಗೆ ಅಜ್ಜ ಮೊಮ್ಮಗಳು ಕೂಡಿ ಒಂದು ಚೀಲ ಶೇಂಗಾ ಮುಗಿಸಿದೆವು. ಮಗಳು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು, ಏನೂ ಹೇಳಲಿಲ್ಲ.

ಓದುಗ ಬಂಧುಗಳ ಮನೆಗಳಲ್ಲಿಯೂ ಇಂಥ ಮಕ್ಕಳು ಇರಬಹುದು. ಆದುದರಿಂದ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಮಗುವಿಗೆ ಬಿಡದ ಹೊಟ್ಟೆನೋವು, ಏರದ ರಕ್ತ, ಕುಂಠಿತ ಬೆಳವಣಿಗೆ ಇದ್ದರೆ ವೈದ್ಯರಲ್ಲಿ ಈ ವ್ಯಾಧಿಯ ರಕ್ತಪರೀಕ್ಷೆಯನ್ನು ಕೇಳಿರಿ. ಪರೀಕ್ಷೆಗೆ ಮೊದಲು ಗೋಧಿಯನ್ನು ಬಿಡಿಸಬೇಡಿ. ಬಿಟ್ಟರೆ ವ್ಯಾಧಿ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಒಬ್ಬರಿಗೆ ಇದ್ದರೆ ತಂದೆತಾಯಿ, ಒಡಹುಟ್ಟಿದವರೂ ಪರೀಕ್ಷಿಸಿಕೊಳ್ಳುವುದು ಮೇಲು. ಚಪಾತಿ, ಪೂರಿಗಳಲ್ಲದೆ ರವೆ, ಶ್ಯಾವಿಗೆ, ಮೈದಾ, ಮಾದಲಿ, ಹೋಳಿಗೆಗಳಲ್ಲಿಯೂ ಗೋಧಿಯಿದೆ. ಮಾಲ್ಟ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿ. ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ, ಬೇಳೆಗಳಿಗೆ ದೋಷವಿಲ್ಲ. ಆದರೆ ಬೀಸುವ ಕಲ್ಲು, ಲಟ್ಟಣಿಗೆ, ಸೌಟುಗಳು ಬೇರೆಯಿರಬೇಕು. ಅಮೆರಿಕದಲ್ಲಿಯೂ ನಮ್ಮಲ್ಲಿಯೂ ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಗ್ಲೂಟೆನ್ ಮೀರಿದರೆ ‘ಗ್ಲೂಟೆನ್ ಇಲ್ಲ’ ಎಂದು ಪೊಟ್ಟಣದ ಮೇಲೆ ಬರೆಯುವಂತಿಲ್ಲ. ಅಷ್ಟು ಸೂಕ್ಷ್ಮವಾದ ಲೆಕ್ಕವಿರುವಾಗ ‘ಒಂದು ತುತ್ತಿಗೆ ಏನಾಗತೈತಿ’ ಎಂಬ ನಮ್ಮ ಹಿರಿತನದ ಮಾತಿಗೆ ಸ್ಥಳವೆಲ್ಲಿ? ಮದುವೆ, ಜಾತ್ರೆ, ಗೃಹಪ್ರವೇಶಗಳಲ್ಲಿ ಇಂಥವರಿಗಾಗಿ ಒಂದು ಪಾತ್ರೆಯನ್ನು ಬೇರೆ ತೆಗೆದಿರಿಸುವುದು ದಾಸೋಹಕ್ಕೆ ಭಾರವಾಗಲಾರದು.

2025ರ ಬೇಸಿಗೆಯಲ್ಲಿ ಅವರು ಮತ್ತೆ ಊರಿಗೆ ಬಂದರು. ಜಾತ್ರೆಯ ಹಿಂದಿನ ದಿನ ನಾವು ಹೊಸದೊಂದು ಪಾತ್ರೆ, ಸೌಟುಗಳನ್ನು ಕೊಂಡುತಂದು ಮಠದ ಅಡುಗೆಯವರಿಗೆ ಒಪ್ಪಿಸಿದೆವು. ಅವರು ಬೇರೆ ಒಲೆಯ ಮೇಲೆ ನವಣೆ ಅಕ್ಕಿಯ ಹುಗ್ಗಿ ಮಾಡಿದರು. ಪಂಕ್ತಿಯಲ್ಲಿ ಮೊಮ್ಮಗಳು ನಮ್ಮ ಪಕ್ಕದಲ್ಲಿ ಕುಳಿತಳು; ಅವಳ ತಾಯಿ ಆಚೆಯ ಸಾಲಿನಲ್ಲಿ ಕುಳಿತಿದ್ದಳು. ತಟ್ಟೆಗೆ ಹುಗ್ಗಿ ಬಿದ್ದಾಗ ಅವಳು ತಲೆಯೆತ್ತಿ, ‘ಅಜ್ಜಾ, ಇದರಾಗ ಏನೇನು ಹಾಕ್ಯಾರ?’ ಎಂದಳು. ಸುತ್ತಲಿನ ಒಬ್ಬಿಬ್ಬರು ಹಿರಿಯರು ಹುಬ್ಬು ಗಂಟಿಕ್ಕಿ ನೋಡಿದರು. ನಾವು ಎಲ್ಲರಿಗೂ ಕೇಳಿಸುವಂತೆ, ‘ನವಣಿ ಅಕ್ಕಿ, ಬೆಲ್ಲ, ಹಾಲು, ತುಪ್ಪ, ಏಲಕ್ಕಿ, ಮತ್ತೇನಿಲ್ಲ ತಾಯಿ’ ಎಂದು ಉತ್ತರಿಸಿದೆವು. ಅವಳು ಒಮ್ಮೆ ಎಣಿಸಿಕೊಂಡು, ತಲೆಯಾಡಿಸಿ, ಕೈಮುಗಿದು ಉಣ್ಣತೊಡಗಿದಳು. ತಟ್ಟೆಯಲ್ಲಿ ಒಂದಗುಳನ್ನೂ ಬಿಡಲಿಲ್ಲ.